ಸಿಕ್ಸ್ ಸಿಗ್ಮಾ: ಮೊಟೊರೊಲಾದಲ್ಲಿ ಆರಂಭ
ಉತ್ಪಾದನೆ ಹಾಗೂ ಕಚೇರಿ ಕೆಲಸಗಳಲ್ಲಿನ ಏರುಪೇರನ್ನು ಅಳೆದು ದೋಷ ತಗ್ಗಿಸುವ ವಿಧಾನ. ಅಮೆರಿಕದ ಮೊಟೊರೊಲಾ ಕಂಪನಿಯಲ್ಲಿ ರೂಪುಗೊಂಡಿತು. ಇದು ಹುಟ್ಟಿದ ವರ್ಷ ಕೆಲವು ಪುಸ್ತಕಗಳಲ್ಲಿ 1986, ಇನ್ನು ಕೆಲವುಗಳಲ್ಲಿ 1987. ಎರಡಕ್ಕೂ ಆಧಾರವಿದೆ: ಎಂಜಿನಿಯರ್ ಬಿಲ್ ಸ್ಮಿತ್ ವಿಧಾನವನ್ನು ರೂಪಿಸಿದ್ದು 1986ರಲ್ಲಿ, ಮುಖ್ಯಸ್ಥ ಬಾಬ್ ಗ್ಯಾಲ್ವಿನ್ ಅದನ್ನು ಇಡೀ ಕಂಪನಿಯ ಗುರಿಯಾಗಿ ಸಾರಿದ್ದು 1987ರ ಜನವರಿಯಲ್ಲಿ.

ಜಪಾನಿ ಕಂಪನಿಗಳ ಪೈಪೋಟಿಗೆ ಬೆದರಿದ ಮೊಟೊರೊಲಾ, ಐದು ವರ್ಷಗಳಲ್ಲಿ ಗುಣಮಟ್ಟವನ್ನು ಹತ್ತು ಪಟ್ಟು ಹೆಚ್ಚಿಸುವ ಗುರಿಯನ್ನು 1981ರಲ್ಲೇ ಇಟ್ಟುಕೊಂಡಿತ್ತು. ನಿಜವಾದ ತಿರುವು ಸ್ಮಿತ್ ಕಂಡುಕೊಂಡ ಸಂಗತಿ. ತಯಾರಿಕೆಯ ವೇಳೆ ದೋಷ ಕಂಡು ರಿಪೇರಿಯಾದ ಉಪಕರಣವೇ ಗ್ರಾಹಕರ ಕೈಯಲ್ಲಿ ಬೇಗ ಕೆಡುವ ಸಂಭವ ಹೆಚ್ಚು ಎಂದು ಅವನು ತೋರಿಸಿದ. ಕೊನೆಯಲ್ಲಿ ತಪಾಸಣೆ ನಡೆಸಿ ಸರಿಪಡಿಸುವ ಹಳೆಯ ಪದ್ಧತಿಯ ಬುಡವೇ ಇದರಿಂದ ಅಲುಗಿತು. 1989ರೊಳಗೆ ಹತ್ತು ಪಟ್ಟು, 1991ರೊಳಗೆ ನೂರು ಪಟ್ಟು ಸುಧಾರಣೆ, 1992ಕ್ಕೆ ಸಿಕ್ಸ್ ಸಿಗ್ಮಾ ಮಟ್ಟ ಎಂಬುದು ಗ್ಯಾಲ್ವಿನ್ ಹಾಕಿದ ಗಡುವು.

ಹೆಚ್ಚು ಗೊಂದಲವಿರುವುದು ಈ ಮಟ್ಟವನ್ನು ಹೇಳುವ ಅಂಕಿಯಲ್ಲಿ. ದೋಷ ಉಂಟಾಗಬಹುದಾದ 10 ಲಕ್ಷ ಅವಕಾಶಗಳಿಗೆ 3.4 ದೋಷ ಎಂಬುದು ಎಲ್ಲೆಡೆ ಕಾಣುವ ವ್ಯಾಖ್ಯೆ. ಆದರೆ ಸಂಖ್ಯಾಶಾಸ್ತ್ರದ ಸಾಮಾನ್ಯ ವಿತರಣೆಯ ಪ್ರಕಾರ ಸರಾಸರಿಯಿಂದ ಎರಡೂ ಕಡೆ ಆರು ಸಿಗ್ಮಾ (ಸಿಗ್ಮಾ ಎಂದರೆ ಮಾನಕ ವಿಚಲನೆ) ದೂರದ ಮಿತಿಯನ್ನು ಮೀರುವುದು 100 ಕೋಟಿಗೆ ಸುಮಾರು 2 ಮಾತ್ರ. ದೀರ್ಘಾವಧಿಯಲ್ಲಿ ಪ್ರಕ್ರಿಯೆಯ ಸರಾಸರಿ 1.5 ಸಿಗ್ಮಾದಷ್ಟು ಸರಿಯುತ್ತದೆ ಎಂದು ಮೊಟೊರೊಲಾ ಒಪ್ಪಿಕೊಂಡದ್ದರಿಂದ 3.4 ಬಂತು, ಅಂದರೆ ಅದು ವಾಸ್ತವದಲ್ಲಿ ಒಂದು ಬದಿಯ 4.5 ಸಿಗ್ಮಾದ ಬೆಲೆ. ಎಲ್ಲ ಪ್ರಕ್ರಿಯೆಗಳೂ ಇಷ್ಟೇ ಸರಿಯುತ್ತವೆ ಎನ್ನಲು ಆಧಾರವೇನು ಎಂದು ಡೊನಾಲ್ಡ್ ವೀಲರ್ ಮೊದಲಾದ ಸಂಖ್ಯಾಶಾಸ್ತ್ರಜ್ಞರು ಪ್ರಶ್ನಿಸಿದ್ದಾರೆ. ಆಕ್ಷೇಪ ಗಟ್ಟಿಯಾದದ್ದೇ, ಆದರೂ ಪಠ್ಯಪುಸ್ತಕಗಳು 3.4ನ್ನು ಬಿಟ್ಟಿಲ್ಲ.

ಶ್ರೇಯಸ್ಸು ಯಾರಿಗೆ ಎಂಬುದರಲ್ಲೂ ಒಮ್ಮತವಿಲ್ಲ. ವಿಧಾನವನ್ನು ಹಂತಗಳಾಗಿ ಬೆಳೆಸಿ, 1990ರಲ್ಲಿ ಮೊಟೊರೊಲಾದ ಸಂಶೋಧನಾ ಸಂಸ್ಥೆಯ ಹೊಣೆ ಹೊತ್ತ ಮೈಕೆಲ್ ಹ್ಯಾರಿಯನ್ನೇ ಕೆಲವರು ಜನಕನೆನ್ನುತ್ತಾರೆ. ತರಬೇತಿ ಪಡೆದವರಿಗೆ ಕರಾಟೆಯಂತೆ ‘ಬ್ಲ್ಯಾಕ್ ಬೆಲ್ಟ್’ ಹೆಸರು ಬಂದದ್ದು ಸ್ಮಿತ್‌ನ ಕೆಲಸದ ನಂತರ. ಸ್ಮಿತ್ 1993ರಲ್ಲೇ ತೀರಿಕೊಂಡದ್ದರಿಂದ ವಿಧಾನ ಜಗದ್ವಿಖ್ಯಾತವಾದಾಗ ಅವನಿರಲಿಲ್ಲ.

1988ರಲ್ಲಿ ಮೊಟೊರೊಲಾಕ್ಕೆ ಮಾಲ್ಕಮ್ ಬಾಲ್ಡ್ರಿಜ್ ರಾಷ್ಟ್ರೀಯ ಗುಣಮಟ್ಟ ಪ್ರಶಸ್ತಿ ಸಿಕ್ಕಿತು. 1995ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ಮುಖ್ಯಸ್ಥ ಜಾಕ್ ವೆಲ್ಚ್ ಅಲ್ಲಿ ಸಿಕ್ಸ್ ಸಿಗ್ಮಾವನ್ನು ಜಾರಿಗೆ ತಂದ ಮೇಲೆ ಹರಡುವಿಕೆ ವೇಗ ಪಡೆಯಿತು.

ಮೊಟೊರೊಲಾದ ಬೆಂಗಳೂರಿನ ಸಾಫ್ಟ್‌ವೇರ್ ಘಟಕ 1990ರ ದಶಕದ ಮೊದಲರ್ಧದಲ್ಲಿ ಪಡೆದ ಐದನೇ ಹಂತದ ಮಾನ್ಯತೆಯನ್ನು ಸಿಕ್ಸ್ ಸಿಗ್ಮಾದ ಫಲವೆಂದು ಹೇಳುವುದುಂಟು. ಆದರೆ ಆ ಮಾನ್ಯತೆ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಾಫ್ಟ್‌ವೇರ್ ಎಂಜಿನಿಯರಿಂಗ್ ಸಂಸ್ಥೆ ರೂಪಿಸಿದ ಬೇರೆಯೇ ಮಾನದಂಡದ್ದು. ಬೆಂಗಳೂರಿನ ವಿಪ್ರೊ ಸಿಕ್ಸ್ ಸಿಗ್ಮಾವನ್ನು ಅಳವಡಿಸಿಕೊಳ್ಳತೊಡಗಿದ್ದು 1997ರಲ್ಲಿ.