ಪದವಿ ನಂತರದ ಶಿಶಿಕ್ಷು ತರಬೇತಿ: ಮಂಡಿಕಲ್ ಹೋಬಳಿ ಹಾಗೂ ಚಿಕ್ಕಬಳ್ಳಾಪುರ ಜಿಲ್ಲೆಯ ಅಂತಿಮ ವರ್ಷದ ವಿದ್ಯಾರ್ಥಿಗಳ ಮಾಹಿತಿಗಾಗಿ

ಪೀಠಿಕೆ

ಪದವಿ ಶಿಕ್ಷಣವನ್ನು ಮುಗಿಸುವ ಹಂತದಲ್ಲಿರುವ ವಿದ್ಯಾರ್ಥಿಗಳಿಗೆ ಉದ್ಯೋಗದ ಸ್ಥಳದಲ್ಲಿಯೇ ಪ್ರಾಯೋಗಿಕ ತರಬೇತಿ ದೊರಕಿಸುವ ಸಲುವಾಗಿ ರಾಷ್ಟ್ರೀಯ ಶಿಶಿಕ್ಷು ತರಬೇತಿ ಯೋಜನೆಯು ಜಾರಿಯಲ್ಲಿದೆ. ವಿದ್ಯಾರ್ಥಿಗಳಲ್ಲಿ ಇದು ‘ನ್ಯಾಟ್ಸ್’ ಎಂಬ ಹೆಸರಿನಿಂದ ಪರಿಚಿತವಾಗಿದೆ. ಶಿಶಿಕ್ಷು ಅಧಿನಿಯಮ, 1961 ಇದಕ್ಕೆ ಆಧಾರವಾಗಿದೆ. ಆರಂಭದಲ್ಲಿ ಕುಶಲಕರ್ಮಿ ವೃತ್ತಿಗಳಿಗೆ ಸೀಮಿತವಾಗಿದ್ದ ಅಧಿನಿಯಮವನ್ನು 1973ರ ತಿದ್ದುಪಡಿಯ ಮೂಲಕ ಇಂಜಿನಿಯರಿಂಗ್ ಪದವೀಧರರಿಗೂ ಡಿಪ್ಲೊಮಾ ಪಡೆದವರಿಗೂ, 1986ರಲ್ಲಿ ವೃತ್ತಿಶಿಕ್ಷಣ ಪಡೆದವರಿಗೂ ವಿಸ್ತರಿಸಲಾಯಿತು. 2014ರ ತಿದ್ದುಪಡಿಯು ಕಲೆ, ವಾಣಿಜ್ಯ, ವಿಜ್ಞಾನ ಮುಂತಾದ ತಾಂತ್ರಿಕೇತರ ಪದವೀಧರರಿಗೂ ಬಾಗಿಲು ತೆರೆಯಿತು. ಶಿಶಿಕ್ಷು ತರಬೇತಿಯೆಂದರೆ ಐ.ಟಿ.ಐ. ಮುಗಿಸಿದವರಿಗೆ ಮಾತ್ರ ಎಂಬ ಭಾವನೆ ಗ್ರಾಮೀಣ ಭಾಗದಲ್ಲಿ ಈಗಲೂ ಇರುವುದರಿಂದ, ಬಿ.ಎ., ಬಿ.ಕಾಂ., ಬಿ.ಎಸ್ಸಿ. ವಿದ್ಯಾರ್ಥಿಗಳು ಈ ಅಂಶವನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಮಂಡಿಕಲ್, ಪೇರೇಸಂದ್ರ ಸುತ್ತಮುತ್ತಲ ವಿದ್ಯಾರ್ಥಿಗಳಲ್ಲಿ ಸಾಮಾನ್ಯ ಪದವಿ ಓದುವವರು ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿಯೂ, ಇಂಜಿನಿಯರಿಂಗ್ ಓದುವವರು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿಯೂ ವ್ಯಾಸಂಗ ಮಾಡುವುದು ವಾಡಿಕೆ. ಇಬ್ಬರಿಗೂ ಯೋಜನೆ ಒಂದೇ. ಕರ್ನಾಟಕವು ಚೆನ್ನೈನಲ್ಲಿರುವ ದಕ್ಷಿಣ ವಲಯದ ಶಿಶಿಕ್ಷು ತರಬೇತಿ ಮಂಡಳಿಯ ವ್ಯಾಪ್ತಿಗೆ ಒಳಪಡುತ್ತದೆ.

ಅರ್ಹತೆ ಮತ್ತು ಅವಧಿ

ಪದವಿ ಪೂರ್ಣಗೊಳಿಸಿದವರು ತರಬೇತಿಗೆ ಸೇರಬಹುದು. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಅವಧಿಯ ಕೆಲಸದ ಅನುಭವ ಅಥವಾ ತರಬೇತಿ ಹೊಂದಿರುವವರನ್ನು ಪರಿಗಣಿಸಲಾಗುವುದಿಲ್ಲ. ಹಿಂದೆ ಈ ಯೋಜನೆಯಡಿ ತರಬೇತಿ ಪಡೆದವರು ಎರಡನೆಯ ಬಾರಿ ಅರ್ಜಿ ಸಲ್ಲಿಸುವಂತಿಲ್ಲ. ಉತ್ತೀರ್ಣರಾದ ವರ್ಷಕ್ಕೆ ಸಂಬಂಧಿಸಿದ ಮಿತಿಯನ್ನು ಆಯಾ ಸಂಸ್ಥೆಯ ಅಧಿಸೂಚನೆಯಲ್ಲಿ ನಮೂದಿಸಲಾಗಿರುತ್ತದೆ. ತರಬೇತಿಯ ಅವಧಿ ಸಾಮಾನ್ಯವಾಗಿ ಒಂದು ವರ್ಷ.

ಶಿಷ್ಯವೇತನ

2019ರ ಸೆಪ್ಟೆಂಬರ್‌ನಲ್ಲಿ ತಿದ್ದುಪಡಿಯಾದ ನಿಯಮಗಳಲ್ಲಿ ಪದವೀಧರ ಶಿಶಿಕ್ಷುಗಳಿಗೆ ತಿಂಗಳಿಗೆ ಕನಿಷ್ಠ ರೂ. 9,000 ಹಾಗೂ ಡಿಪ್ಲೊಮಾ ಪಡೆದವರಿಗೆ ರೂ. 8,000 ನಿಗದಿಪಡಿಸಲಾಯಿತು. ಶಿಷ್ಯವೇತನವನ್ನು ಹೆಚ್ಚಿಸುವಂತೆ ಕೇಂದ್ರ ಶಿಶಿಕ್ಷು ಪರಿಷತ್ತು 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿರುತ್ತದೆ. ಆದಕಾರಣ ಅಭ್ಯರ್ಥಿಯು ಯಾರದೋ ಬಾಯಿಮಾತನ್ನು ನಂಬದೆ, ತನ್ನ ಒಪ್ಪಂದ ಪತ್ರದಲ್ಲಿ ನಮೂದಾಗಿರುವ ಮೊತ್ತವನ್ನು ಓದಿ ಸಹಿ ಮಾಡತಕ್ಕದ್ದು. ನಿಯಮದಲ್ಲಿರುವುದು ಕನಿಷ್ಠ ಮೊತ್ತ ಮಾತ್ರ. ಸಂಸ್ಥೆಯು ಹೆಚ್ಚು ನೀಡಲು ಅಡ್ಡಿಯಿಲ್ಲ, ಕಡಿಮೆ ನೀಡುವಂತಿಲ್ಲ.

ಕನಿಷ್ಠ ಶಿಷ್ಯವೇತನದ ಅರ್ಧಭಾಗವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ರೂ. 9,000ರ ಲೆಕ್ಕದಲ್ಲಿ ಇದು ರೂ. 4,500 ಆಗುತ್ತದೆ. ಸರ್ಕಾರದ ಪಾಲು ಅಭ್ಯರ್ಥಿಯ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ನೇರವಾಗಿ ಜಮೆಯಾಗುತ್ತದೆ. ಖಾತೆಗೆ ಆಧಾರ್ ಜೋಡಣೆಯಾಗದಿದ್ದಲ್ಲಿ ಸಂಸ್ಥೆಯ ಪಾಲು ಬಂದು ಸರ್ಕಾರದ ಪಾಲು ಬಾಕಿ ಉಳಿಯುವ ಸಂದರ್ಭ ಉಂಟಾಗುತ್ತದೆ. ತರಬೇತಿಗೆ ಸೇರುವ ಮೊದಲೇ ಬ್ಯಾಂಕಿನಲ್ಲಿ ಇದನ್ನು ಖಚಿತಪಡಿಸಿಕೊಳ್ಳುವುದು ಸೂಕ್ತ.

ಖರ್ಚಿನ ವಿಚಾರವನ್ನೂ ಮೊದಲೇ ತೂಗಿ ನೋಡಬೇಕಾಗುತ್ತದೆ. ಗೌರಿಬಿದನೂರು ಅಥವಾ ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದಲ್ಲಿ ತರಬೇತಿ ದೊರೆತರೆ ಮನೆಯಿಂದ ಓಡಾಡುವ ಸಾಧ್ಯತೆಯುಂಟು. ಪೀಣ್ಯದಲ್ಲಿಯೋ ವೈಟ್‌ಫೀಲ್ಡ್‌ನಲ್ಲಿಯೋ ದೊರೆತರೆ ಕೊಠಡಿ ಬಾಡಿಗೆ ಮತ್ತು ಊಟಕ್ಕೆ ಶಿಷ್ಯವೇತನದ ಹೆಚ್ಚಿನ ಭಾಗ ವ್ಯಯವಾಗುತ್ತದೆ. ವಸತಿ ಒದಗಿಸುವುದು ಸಂಸ್ಥೆಗೆ ಕಡ್ಡಾಯವಲ್ಲ.

ಇತರ ಯೋಜನೆಗಳೊಂದಿಗೆ ಸಂಬಂಧ

ಅರ್ಜಿದಾರರು ಹೆಚ್ಚು ಗೊಂದಲಕ್ಕೆ ಒಳಗಾಗುವುದು ಇಲ್ಲಿಯೇ. ಒಂದು ಸಲ ತಪ್ಪು ಆಯ್ಕೆ ಮಾಡಿದರೆ ಸರಿಪಡಿಸಲು ಅವಕಾಶ ಕಡಿಮೆ.

ರಾಜ್ಯ ಸರ್ಕಾರದ ಯುವನಿಧಿ ಯೋಜನೆಗೆ 2023ರ ಡಿಸೆಂಬರ್ 26ರಂದು ನೋಂದಣಿ ಆರಂಭವಾಗಿ, 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ನೀಡಲಾಯಿತು. ತೇರ್ಗಡೆಯಾಗಿ 180 ದಿನಗಳಾದರೂ ಉದ್ಯೋಗ ದೊರೆಯದ ಪದವೀಧರರಿಗೆ ತಿಂಗಳಿಗೆ ರೂ. 3,000, ಡಿಪ್ಲೊಮಾ ಪಡೆದವರಿಗೆ ರೂ. 1,500, ಗರಿಷ್ಠ ಎರಡು ವರ್ಷಗಳವರೆಗೆ ನೀಡುವುದು ಇದರ ಉದ್ದೇಶ. ಶಿಶಿಕ್ಷು ವೇತನ ಪಡೆಯುತ್ತಿರುವವರು ಯುವನಿಧಿಗೆ ಅರ್ಹರಲ್ಲ. ಈಗಾಗಲೇ ಯುವನಿಧಿ ಪಡೆಯುತ್ತಿರುವ ಅಭ್ಯರ್ಥಿಯು ತರಬೇತಿಗೆ ಸೇರಿದ ಕೂಡಲೇ ಅದನ್ನು ಘೋಷಿಸತಕ್ಕದ್ದು. ತರಬೇತಿಯಲ್ಲಿದ್ದುಕೊಂಡೇ ನಿರುದ್ಯೋಗಿ ಎಂದು ಸ್ವಯಂ ಘೋಷಣೆ ಸಲ್ಲಿಸುವುದು ಸುಳ್ಳು ಘೋಷಣೆಯಾಗುತ್ತದೆ. ಎರಡೂ ಯೋಜನೆಗಳ ಹಣ ಆಧಾರ್ ಆಧಾರಿತ ಖಾತೆಗೇ ಬರುವುದರಿಂದ ಇದು ಗಮನಕ್ಕೆ ಬಾರದೆ ಇರುತ್ತದೆಂದು ಭಾವಿಸುವುದು ಸರಿಯಲ್ಲ.

ಕೇಂದ್ರ ಸರ್ಕಾರವು 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಆರಂಭಿಸಿದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯು ಬೇರೆಯೇ ಆಗಿದೆ. ಆ ಹಂತದಲ್ಲಿ 21ರಿಂದ 24 ವರ್ಷದವರಿಗೆ 12 ತಿಂಗಳ ಅವಧಿಗೆ ಮಾಸಿಕ ರೂ. 5,000 ಹಾಗೂ ಒಂದು ಬಾರಿಯ ರೂ. 6,000 ನಿಗದಿಯಾಗಿತ್ತು. ಕುಟುಂಬದ ವಾರ್ಷಿಕ ಆದಾಯ ರೂ. 8 ಲಕ್ಷ ಮೀರಿದವರು, ಕುಟುಂಬದಲ್ಲಿ ಖಾಯಂ ಸರ್ಕಾರಿ ನೌಕರರಿರುವವರು ಮತ್ತು ಸ್ನಾತಕೋತ್ತರ ಪದವೀಧರರು ಅರ್ಹರಾಗಿರಲಿಲ್ಲ. ಮುಖ್ಯವಾಗಿ, ನ್ಯಾಟ್ಸ್ ತರಬೇತಿಯನ್ನು ಪೂರ್ಣಗೊಳಿಸಿದವರನ್ನು ಆ ಯೋಜನೆಯಿಂದ ಹೊರಗಿಡಲಾಗಿತ್ತು. ಅತ್ತ, ಒಂದು ವರ್ಷದ ಇಂಟರ್ನ್‌ಶಿಪ್ ಮುಗಿಸಿ ಬಂದವರಿಗೆ ನ್ಯಾಟ್ಸ್‌ನ ಒಂದು ವರ್ಷದ ಅನುಭವದ ನಿರ್ಬಂಧ ಅಡ್ಡಬರುವ ಸಂಭವವಿದೆ. ಆದುದರಿಂದ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕೆಂದೇ ತಿಳಿಯುವುದು ಕ್ಷೇಮ.

ನೋಂದಣಿ ವಿಧಾನ

ನೋಂದಣಿಯು ಸಂಪೂರ್ಣವಾಗಿ ಆನ್‌ಲೈನ್ ಮೂಲಕ ನಡೆಯುತ್ತದೆ. 2024ರ ಜುಲೈನಲ್ಲಿ ‘ನ್ಯಾಟ್ಸ್ 2.0’ ಎಂಬ ಪರಿಷ್ಕೃತ ಪೋರ್ಟಲ್‌ಗೆ ಚಾಲನೆ ನೀಡಲಾಗಿದೆ. ಅಭ್ಯರ್ಥಿಯು ಆಧಾರ್, ಅಂಕಪಟ್ಟಿಗಳು, ತಾತ್ಕಾಲಿಕ ಪದವಿ ಪ್ರಮಾಣಪತ್ರ, ಬ್ಯಾಂಕ್ ಖಾತೆಯ ವಿವರ ಮತ್ತು ಭಾವಚಿತ್ರವನ್ನು ಸಿದ್ಧವಿಟ್ಟುಕೊಳ್ಳತಕ್ಕದ್ದು. ನೋಂದಣಿ ಸಂಖ್ಯೆ ದೊರೆತ ನಂತರ ಪೋರ್ಟಲ್‌ನಲ್ಲಿ ಪ್ರಕಟವಾಗುವ ಸಂಸ್ಥೆಗಳಿಗೆ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಬೇಕು. ನೋಂದಣಿ ಮಾಡಿಸಿ ಸುಮ್ಮನೆ ಕಾದರೆ ಕರೆ ಬರುತ್ತದೆಂಬ ನಿರೀಕ್ಷೆಯಲ್ಲಿ ಅನೇಕರು ತಿಂಗಳುಗಟ್ಟಲೆ ಕಳೆಯುತ್ತಾರೆ.

ಹೆಸರಿನ ವ್ಯತ್ಯಾಸ ಮತ್ತೊಂದು ತೊಡಕು. ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಆಧಾರ್‌ನಲ್ಲಿ ಮುಂದೆ. ಒಂದರಲ್ಲಿ ತಂದೆಯ ಹೆಸರು ಪೂರ್ಣವಾಗಿ, ಇನ್ನೊಂದರಲ್ಲಿ ಒಂದೇ ಅಕ್ಷರ. ಇಂತಹ ವ್ಯತ್ಯಾಸವನ್ನು ಅಂತಿಮ ಸೆಮಿಸ್ಟರ್‌ನಲ್ಲಿ ಇರುವಾಗಲೇ ಸರಿಪಡಿಸಿಕೊಂಡರೆ ಮುಂದೆ ತೊಂದರೆಯಿಲ್ಲ. ಆಧಾರ್ ತಿದ್ದುಪಡಿಗೆ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯನ್ನು ಆಧಾರವಾಗಿ ಇಟ್ಟುಕೊಳ್ಳುವುದು ಸರಳ ಮಾರ್ಗ.

ನೋಂದಣಿಗೆ ಯಾವುದೇ ಶುಲ್ಕವಿಲ್ಲ. ತರಬೇತಿ ಸ್ಥಾನ ಕೊಡಿಸುವುದಾಗಿ ಹಣ ಕೇಳುವ ಮಧ್ಯವರ್ತಿಗಳಿಗೆ, ಠೇವಣಿ ಅಥವಾ ಮೂಲ ಅಂಕಪಟ್ಟಿ ಕೇಳುವವರಿಗೆ ಅವುಗಳನ್ನು ನೀಡಬಾರದು. ಸೈಬರ್ ಕೇಂದ್ರದವರು ಅರ್ಜಿ ಭರ್ತಿ ಮಾಡಿಕೊಡಲು ಪಡೆಯುವ ಸೇವಾ ಮೊತ್ತ ಬೇರೆ ವಿಷಯ. ಆದರೆ ಅಲ್ಲಿ ನಮೂದಿಸುವ ಮೊಬೈಲ್ ಸಂಖ್ಯೆ ಮತ್ತು ಇ-ಮೇಲ್ ಅಭ್ಯರ್ಥಿಯದೇ ಆಗಿರತಕ್ಕದ್ದು.

ಒಪ್ಪಂದ ಮತ್ತು ತರಬೇತಿಯ ಸ್ವರೂಪ

30 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆಗಳು ಒಟ್ಟು ಸಿಬ್ಬಂದಿಯ ಶೇ. 2.5ರಿಂದ ಶೇ. 15ರಷ್ಟು ಶಿಶಿಕ್ಷುಗಳನ್ನು ತೊಡಗಿಸಿಕೊಳ್ಳುವುದು ಕಡ್ಡಾಯ. ಬೆಂಗಳೂರಿನ ಬಿ.ಇ.ಎಲ್., ಎಚ್.ಎ.ಎಲ್. ಮುಂತಾದ ಸಾರ್ವಜನಿಕ ಉದ್ದಿಮೆಗಳೂ ಪದವೀಧರ ಶಿಶಿಕ್ಷುಗಳನ್ನು ತೆಗೆದುಕೊಳ್ಳುತ್ತವೆ.

ಆಯ್ಕೆಯಾದವರು ಸಂಸ್ಥೆಯೊಂದಿಗೆ ಶಿಶಿಕ್ಷು ಒಪ್ಪಂದ ಮಾಡಿಕೊಳ್ಳುತ್ತಾರೆ. ಪೋರ್ಟಲ್‌ನಲ್ಲಿ ನೋಂದಣಿಯಾಗದ ಒಪ್ಪಂದಕ್ಕೆ ಸರ್ಕಾರದ ಪಾಲೂ ಇಲ್ಲ, ಕೊನೆಯಲ್ಲಿ ಪ್ರಮಾಣಪತ್ರವೂ ಇಲ್ಲ. ಸೇರಿದ ಮೊದಲ ವಾರದಲ್ಲಿಯೇ ಒಪ್ಪಂದದ ನೋಂದಣಿ ಸಂಖ್ಯೆಯನ್ನು ಕೇಳಿ ಬರೆದಿಟ್ಟುಕೊಳ್ಳುವುದು ಅಭ್ಯರ್ಥಿಯ ಹಕ್ಕು.

ಕಾಯಿದೆಯ ದೃಷ್ಟಿಯಲ್ಲಿ ಶಿಶಿಕ್ಷುವು ತರಬೇತಿ ಪಡೆಯುವವನೇ ಹೊರತು ಕಾರ್ಮಿಕನಲ್ಲ. ಆದರೂ ಆರೋಗ್ಯ ಮತ್ತು ಸುರಕ್ಷತೆಯ ನಿಯಮಗಳು ಅವರಿಗೂ ಅನ್ವಯಿಸುತ್ತವೆ. ತರಬೇತಿಯ ವೇಳೆ ಅಪಘಾತದಿಂದ ಗಾಯವಾದಲ್ಲಿ ಪರಿಹಾರ ನೀಡುವ ಹೊಣೆ ಸಂಸ್ಥೆಯದು. ಶಿಶಿಕ್ಷು ಸಲಹೆಗಾರರ ಅನುಮೋದನೆಯಿಲ್ಲದೆ ಹೆಚ್ಚುವರಿ ಅವಧಿಗೆ ದುಡಿಸುವಂತಿಲ್ಲ. ಅವಧಿಗೆ ಮುನ್ನ ಒಪ್ಪಂದ ಕೊನೆಗೊಳಿಸಲು ಇಬ್ಬರಲ್ಲಿ ಯಾರೇ ಬಯಸಿದರೂ ಶಿಶಿಕ್ಷು ಸಲಹೆಗಾರರಿಗೆ ಅರ್ಜಿ ಸಲ್ಲಿಸಬೇಕು. ಹೇಳದೆ ಕೇಳದೆ ಊರಿಗೆ ಮರಳಿದರೆ ಪ್ರಮಾಣಪತ್ರ ಕೈತಪ್ಪುವುದಲ್ಲದೆ, ಮರು ಅರ್ಜಿಗೂ ಅಡಚಣೆಯಾಗುತ್ತದೆ.

ತರಬೇತಿ ಮುಗಿದ ಮೇಲೆ ಅದೇ ಸಂಸ್ಥೆ ಕೆಲಸ ಕೊಡಲೇಬೇಕೆಂಬ ನಿಯಮವಿಲ್ಲ. ಶಿಶಿಕ್ಷುಗಳ ನೇಮಕಾತಿಯ ಬಗ್ಗೆ ಪ್ರತಿ ಸಂಸ್ಥೆಯೂ ತನ್ನದೇ ನೀತಿ ರೂಪಿಸಿಕೊಳ್ಳಬೇಕೆಂದು 2014ರ ತಿದ್ದುಪಡಿ ಹೇಳುತ್ತದೆ. ಸಂದರ್ಶನದ ದಿನ ಈ ನೀತಿ ಏನೆಂದು ಕೇಳುವುದರಲ್ಲಿ ಸಂಕೋಚಪಡಬೇಕಾಗಿಲ್ಲ.

ಪ್ರಮಾಣಪತ್ರ

ತರಬೇತಿಯನ್ನು ತೃಪ್ತಿಕರವಾಗಿ ಪೂರ್ಣಗೊಳಿಸಿದವರಿಗೆ ಮಂಡಳಿಯು ಪ್ರಾವೀಣ್ಯತಾ ಪ್ರಮಾಣಪತ್ರ ನೀಡುತ್ತದೆ. ಇದನ್ನು ಉದ್ಯೋಗ ವಿನಿಮಯ ಕೇಂದ್ರದಲ್ಲಿ ಕೆಲಸದ ಅನುಭವವಾಗಿ ನೋಂದಾಯಿಸಲು ಅವಕಾಶವಿದೆ. ಜಿಲ್ಲೆಯ ಅಭ್ಯರ್ಥಿಗಳು ಮೂಲ ಪ್ರಮಾಣಪತ್ರ, ಪದವಿ ಅಂಕಪಟ್ಟಿ ಹಾಗೂ ಹಿಂದಿನ ನೋಂದಣಿ ಚೀಟಿಯೊಂದಿಗೆ ಚಿಕ್ಕಬಳ್ಳಾಪುರದ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.