ಸೊನ್ನೆಯಿಂದ ಭಾಗಿಸಿದ ಮಹಾವೀರಾಚಾರ್ಯ

ಶಿವಮೊಗ್ಗದ ಗೋಪಾಳದಲ್ಲಿ, ನಮ್ಮ ಮನೆಯ ಜಗುಲಿಯ ಮೇಲೆ, ಸಂಜೆ ಹೊತ್ತು ಅಕ್ಕಪಕ್ಕದ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಕಳೆದ ಮಳೆಗಾಲದಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳು 12ನ್ನು ಸೊನ್ನೆಯಿಂದ ಭಾಗಿಸಿ, ಉತ್ತರ 12 ಎಂದು ಬರೆದಿದ್ದಳು. ಕೆಂಪು ಪೆನ್ನು ಎತ್ತಿಕೊಂಡವನು, "ಹೇಗೆ ಬಂತಮ್ಮ?" ಎಂದೆ.

"ಹನ್ನೆರಡು ಕಜ್ಜಾಯ ಇದೆ ಸರ್. ತಗೊಳ್ಳೋಕೆ ಯಾರೂ ಇಲ್ಲ. ಅಷ್ಟೂ ಹಾಗೇ ಉಳಿಯುತ್ತಲ್ವಾ?"

ನಾನು ಪೆನ್ನು ಕೆಳಗಿಟ್ಟೆ. ಸುಮಾರು ಕ್ರಿ.ಶ. 850ರಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಇದೇ ಉತ್ತರವನ್ನು ಒಬ್ಬ ದೊಡ್ಡ ಗಣಿತಜ್ಞ ಕೊಟ್ಟಿದ್ದ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಎಂದು ಮಹಾವೀರಾಚಾರ್ಯ ತನ್ನ ಸಂಸ್ಕೃತ ಗ್ರಂಥ 'ಗಣಿತಸಾರಸಂಗ್ರಹ'ದಲ್ಲಿ ಬರೆದಿದ್ದಾನೆ.

ಅವನೇನು ಸಾಮಾನ್ಯನಲ್ಲ. ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಸ್ಪಷ್ಟವಾಗಿ ಹೇಳಿದವನು. ಅವನ ಲೆಕ್ಕಗಳಲ್ಲಿ ಕಾಡು, ದಾರಿಹೋಕರು, ಹಣ್ಣುಗಳು ಬರುತ್ತವೆ. ಒಂದೇ ಅಳತೆಯ 63 ಬಾಳೆಹಣ್ಣಿನ ರಾಶಿಗಳು, ಜೊತೆಗೆ 7 ಬಿಡಿ ಹಣ್ಣು. 23 ದಾರಿಹೋಕರು ಏನೂ ಮಿಗದಂತೆ ಸಮನಾಗಿ ಹಂಚಿಕೊಂಡರೆ ರಾಶಿಗೆಷ್ಟು ಹಣ್ಣು? ರಾಶಿಗೆ 5 ಎಂದಿಟ್ಟರೆ ಒಟ್ಟು 322, ತಲೆಗೆ 14. ಭಾಗಾಕಾರವನ್ನು ಬರೀ ಹಂಚಿಕೆಯೆಂದು ನೋಡಿದರೆ, ದಾರಿಹೋಕರೇ ಬರದ ದಿನ ಹಣ್ಣು ಅಲ್ಲೇ ಉಳಿಯಬೇಕಲ್ಲವೇ?

ಅವನಿಗಿಂತ ಮುಂಚೆ, 628ರಲ್ಲಿ, ಬ್ರಹ್ಮಗುಪ್ತ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದಿದ್ದ. ಅವನ ನಂತರ, 12ನೇ ಶತಮಾನದಲ್ಲಿ, ಭಾಸ್ಕರಾಚಾರ್ಯ ಸೊನ್ನೆ ಛೇದವಿರುವ ರಾಶಿಯನ್ನು 'ಖಹರ' ಎಂದು ಕರೆದು ಅನಂತವೆಂದ. ಇಂದು ನಾವು ಹಾಗೆ ಭಾಗಿಸುವುದಕ್ಕೆ ಅರ್ಥವೇ ಇಲ್ಲ ಎನ್ನುತ್ತೇವೆ. ಪಠ್ಯಪುಸ್ತಕದ ಈ ಒಂದು ಸಾಲಿನ ಹಿಂದೆ ಶತಮಾನಗಳ ತಡಕಾಟವಿದೆ.

ನಾನು ಹುಡುಗನಾಗಿದ್ದಾಗ ಇದನ್ನೇ ಕೇಳಿ, "ಹೇಳಿದಷ್ಟು ಬರಿ" ಎಂದು ಬೈಸಿಕೊಂಡಿದ್ದೆ. ಆಮೇಲೆ ಗಣಿತದ ತರಗತಿಯಲ್ಲಿ ನಾನು ಬಾಯಿ ಬಿಡಲಿಲ್ಲ. ನಾಚಿಕೆಯ ಮಾತೆಂದರೆ, ಮೇಷ್ಟ್ರಾದ ಮೇಲೆ ಎಷ್ಟೋ ವರ್ಷ ನಾನೂ ಅದನ್ನೇ ಹೇಳಿದ್ದೇನೆ. ತಪ್ಪಿಗೆ ಗೆರೆ ಎಳೆದೆನೇ ಹೊರತು, ಅದು ಹೊರಟ ದಾರಿಯನ್ನು ಕೇಳಲಿಲ್ಲ.

ಹುಡುಗಿಗೆ ಮಹಾವೀರಾಚಾರ್ಯನ ಕಥೆ ಹೇಳಿದೆ. ಆಮೇಲೆ, "ಭಾಗಾಕಾರದ ತಾಳೆ ಹೇಗೆ ನೋಡ್ತೀಯ?" ಎಂದೆ. ಉತ್ತರವನ್ನು ಭಾಜಕದಿಂದ ಗುಣಿಸಿದಳು. 12 ಸಲ ಸೊನ್ನೆ, ಸೊನ್ನೆ. 100 ಇಟ್ಟಳು, ಸಾವಿರ ಇಟ್ಟಳು.

"ಯಾವ ಸಂಖ್ಯೆ ಇಟ್ರೂ 12 ಬರಲ್ಲ ಸರ್!"

"ಮತ್ತೆ ಕಜ್ಜಾಯ?"

"ಅದು ಹಂಚಿದ್ದಲ್ಲ, ಹಂಚದೇ ಇಟ್ಟಿದ್ದು."

ಇಷ್ಟು ವರ್ಷ ಪಾಠ ಹೇಳಿದ ನನಗೆ ಈ ಮಾತು ಹೊಳೆದಿರಲಿಲ್ಲ.