ಒಂದು ತಲೆಬಾಗಿಲು, ಎರಡು ಒಲೆ

ಮಾಗಡಿ ತಾಲೂಕಿನ ನಮ್ಮ ಅತ್ತೆಯವರ ಹಳ್ಳಿಮನೆ ಅಣ್ಣತಮ್ಮಂದಿರಲ್ಲಿ ಪಾಲಾದಾಗ ನಡುವೆ ಗೋಡೆ ಎದ್ದಿತು, ಒಲೆ ಎರಡಾಯಿತು. ತಲೆಬಾಗಿಲು ಮಾತ್ರ ಒಂದೇ ಉಳಿಯಿತು. ಅದರ ಅಗುಳಿ ಕಚ್ಚಿಕೊಂಡ ದಿನ ಎರಡೂ ಸಂಸಾರ ಜಗಲಿಯ ಮೇಲೆ! ಎರಡು ವ್ಯವಸ್ಥೆಗಳನ್ನು ಇಟ್ಟುಕೊಂಡ ಕಂಪ್ಯೂಟರಿನ ಬಾಳೂ ಹೀಗೆಯೇ ಎಂದು ನನಗೆ ತಿಳಿದದ್ದು 2001ರಲ್ಲಿ, ಚನ್ನಪಟ್ಟಣದ ನಮ್ಮ ನಡುಮನೆಯಲ್ಲಿ.

ಆಗ ನಮ್ಮ ಕಂಪ್ಯೂಟರಿಗೆ ಇಬ್ಬರು ಯಜಮಾನರು. ನನಗೆ ವಿಂಡೋಸ್ ಬೇಕು. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’ ನಡೆಯುತ್ತಿದ್ದುದು ಅದರಲ್ಲೇ. ಅತ್ತೆ ಹೇಳಿಕೊಟ್ಟ ಸೋಬಾನೆ ಪದಗಳನ್ನು ರಾತ್ರಿ ಅಡಿಗೆಮನೆ ಕೆಲಸ ಮುಗಿಸಿ ಒಂದೊಂದಾಗಿ ಅದರಲ್ಲಿ ಬರೆದಿಟ್ಟಿದ್ದೆ. ಇಂಜಿನಿಯರಿಂಗ್ ಓದುತ್ತಿದ್ದ ಮಗನಿಗೆ ಲಿನಕ್ಸ್ ಬೇಕು. ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿ, ಯಾರು ಬೇಕಾದರೂ ಬಳಸಿ ಎಂದು ಬಿಟ್ಟುಕೊಟ್ಟದ್ದು ಅದು. ಫೋನ್ ತಂತಿಯಲ್ಲಿ ಅಷ್ಟು ದೊಡ್ಡದನ್ನು ಇಳಿಸಿಕೊಳ್ಳುವುದು ನಮ್ಮಂಥವರ ಕೈಲಾಗುವ ಮಾತಾಗಿರಲಿಲ್ಲ. ‘ಪಿಸಿ ಕ್ವೆಸ್ಟ್’ ಎಂಬ ಇಂಗ್ಲಿಷ್ ಮಾಸಪತ್ರಿಕೆ 1990ರ ದಶಕದಿಂದಲೇ ಲಿನಕ್ಸಿನ ಸಿ.ಡಿ.ಗಳನ್ನು ಓದುಗರಿಗೆ ಕೊಡುತ್ತಿತ್ತು. ಮಗ ಅಂಥದೊಂದನ್ನು ಗೆಳೆಯನಿಂದ ತಂದು, ಡಿಸ್ಕನ್ನು ಎರಡು ಪಾಲು ಮಾಡಿದ. ಪಾಲಿಗೆ ಅವರ ಮಾತಿನಲ್ಲಿ ಪಾರ್ಟಿಷನ್.

ಆ ವರ್ಷ ಅತ್ತೆ ತೀರಿಕೊಂಡರು. ತಿಥಿ ಮುಗಿಸಿ ಹದಿನೈದು ದಿನದ ಮೇಲೆ ಹಳ್ಳಿಯಿಂದ ಬಂದು ಕಂಪ್ಯೂಟರ್ ಹಾಕಿದರೆ, ಕಪ್ಪು ಪರದೆಯ ಮೇಲೆ ಇಂಗ್ಲಿಷಿನ ಎಲ್, ಐ ಎಂಬ ಎರಡೇ ಅಕ್ಷರ. ಆರಿಸಿ ಹಾಕಿದರೂ ಅದೇ. ನನ್ನ ವಿಂಡೋಸೂ ಇಲ್ಲ, ಅವನ ಲಿನಕ್ಸೂ ಇಲ್ಲ. ರಾಮನಗರದ ಒಂದು ಅಂಗಡಿಗೆ ಹೊತ್ತುಕೊಂಡು ಹೋದೆವು. “ಡಿಸ್ಕ್ ಪೂರ್ತಿ ಅಳಿಸಿ ಹೊಸದಾಗಿ ಹಾಕಿಬಿಡೋಣ ಮೇಡಂ, ಅರ್ಧ ಗಂಟೆ ಕೆಲಸ” ಎಂದರು. ಅಳಿಸುವುದೇ? ಆ ಪದಗಳನ್ನು ಇನ್ನೊಮ್ಮೆ ಹೇಳಿಕೊಡಲು ಅತ್ತೆ ಎಲ್ಲಿದ್ದಾರೆ? ಬೇಡವೆಂದು ವಾಪಸು ತಂದೆವು.

ಆ ಎರಡು ಅಕ್ಷರಗಳ ಹಿಂದೆ ಒಂದು ಇತಿಹಾಸವಿದೆ. 1983ರಲ್ಲಿ ಐಬಿಎಂ ಪಿಸಿಗೆ ಹಾರ್ಡ್ ಡಿಸ್ಕ್ ಬಂದಾಗ, ಡಿಸ್ಕಿನ ಮೊಟ್ಟಮೊದಲ 512 ಬೈಟುಗಳನ್ನು ತಲೆಬಾಗಿಲಿಗೆಂದು ಮೀಸಲಿಟ್ಟರು. ಅದು ಅಂಚೆ ಕಾರ್ಡಿನ ಬರವಣಿಗೆಯಷ್ಟು ಜಾಗ. ಅದರಲ್ಲಿ 446 ಬೈಟು ಯಂತ್ರವನ್ನು ಎಬ್ಬಿಸುವ ಸೂಚನೆಗೆ, 64 ಬೈಟು ಪಾಲುಪಟ್ಟಿಗೆ, ಉಳಿದ 2 ಗುರುತಿಗೆ. ಅಷ್ಟು ಚಿಕ್ಕದು ಇಡೀ ವ್ಯವಸ್ಥೆಯನ್ನು ಎಬ್ಬಿಸಲಾರದು. ತನಗಿಂತ ದೊಡ್ಡವನನ್ನು ಕರೆಯುತ್ತದೆ, ಅವನು ಇನ್ನೂ ದೊಡ್ಡವನನ್ನು. ಲಿನಕ್ಸಿಗಾಗಿ ಈ ಕೆಲಸಕ್ಕೆ ವರ್ನರ್ ಆಲ್ಮೆಸ್‌ಬರ್ಗರ್ 1990ರ ದಶಕದ ಆರಂಭದಲ್ಲಿ ಬರೆದ ಬಾಗಿಲುಕಾವಲುಗಾರನ ಹೆಸರು ‘ಲಿಲೋ’. ಅದು ಒಂದೊಂದು ಹೆಜ್ಜೆಗೆ ತನ್ನ ಹೆಸರಿನ ಒಂದೊಂದು ಅಕ್ಷರ ಮೂಡಿಸುತ್ತದೆ. ನಾಲ್ಕೂ ಅಕ್ಷರ ಬಂದರೆ ಬಾಗಿಲು ತೆರೆಯಿತು. ಎಲ್, ಐ ಬಂದು ನಿಂತರೆ, ದೊಡ್ಡವನನ್ನು ಕರೆತಂದದ್ದಾಯಿತು, ಅವನು ಕೆಲಸ ಶುರುಮಾಡಲಿಲ್ಲ ಎಂದು ಅರ್ಥ. ಡಿಸ್ಕಿನ ಅಳತೆಯನ್ನು ಯಂತ್ರ ಒಂದು ಬಗೆಯಲ್ಲೂ ಕಾವಲುಗಾರ ಇನ್ನೊಂದು ಬಗೆಯಲ್ಲೂ ಎಣಿಸಿದರೆ ಹೀಗಾಗುತ್ತದೆ.

ಇದನ್ನು ಲಿಲೋದ ಕೈಪಿಡಿಯಲ್ಲಿ ಓದಿದ ಮಗ ಯಂತ್ರದ ಮೂಲ ಸೆಟ್ಟಿಂಗ್ ತೆರೆದು ನೋಡಿ ನಕ್ಕ. “ಅಮ್ಮಾ, ಇಲ್ಲಿ ಇನ್ನೂ 1980ರ ಜನವರಿ ಒಂದನೇ ತಾರೀಖು!” ಒಳಗಿನ ನಾಣ್ಯದಂಥ ಬ್ಯಾಟರಿ ಸತ್ತಿತ್ತು. ಹದಿನೈದು ದಿನ ಕರೆಂಟಿಲ್ಲದೆ ಕೂತ ಯಂತ್ರ ದಿನಾಂಕದ ಜೊತೆಗೆ ಡಿಸ್ಕನ್ನು ಅಳೆಯುವ ಬಗೆಯನ್ನೂ ಮರೆತಿತ್ತು. ಬ್ಯಾಟರಿ ಬದಲಿಸಿ, ಸೆಟ್ಟಿಂಗನ್ನು ಮೊದಲಿನಂತೆ ಇಟ್ಟದ್ದೇ ತಡ, ನಾಲ್ಕು ಅಕ್ಷರವೂ ಬಂದವು. ಅತ್ತೆಯ ಪದಗಳು ಒಂದೂ ಕದಲದೆ ಇದ್ದಲ್ಲೇ ಇದ್ದವು.

ಕಾವಲುಗಾರರು ಬದಲಾಗುತ್ತ ಬಂದರು. 1995ರಲ್ಲಿ ಎರಿಕ್ ಬೋಲಿನ್ ಆರಂಭಿಸಿದ ‘ಗ್ರಬ್’ ಲಿಲೋವನ್ನು ಹಿಂದಕ್ಕೆ ತಳ್ಳಿತು. 2015ರ ಕೊನೆಗೆ ಲಿಲೋದ ಕೆಲಸವೇ ನಿಂತಿತು. ಅಂಚೆ ಕಾರ್ಡಿನ ಬಾಗಿಲಿನ ಬದಲು ಯುಇಎಫ್ಐ ಎಂಬ ಹೊಸ ಪದ್ಧತಿ ಬಂದು, ಒಂದೊಂದು ವ್ಯವಸ್ಥೆಗೂ ಬಾಗಿಲಲ್ಲೇ ಬೇರೆ ಬೇರೆ ಗೂಡು ಸಿಕ್ಕಿತು. 2012ರಲ್ಲಿ ವಿಂಡೋಸ್ 8ರ ಜೊತೆ, ಸಹಿ ನೋಡಿ ಒಳಗೆ ಬಿಡುವ ‘ಸೆಕ್ಯೂರ್ ಬೂಟ್’ ಮನೆಮನೆಗೆ ಬಂತು. ಆದರೂ ಅಗುಳಿ ಕಚ್ಚುವುದು ನಿಲ್ಲಲಿಲ್ಲ. 2024ರ ಆಗಸ್ಟ್ 13ರಂದು ಬಂದ ವಿಂಡೋಸ್ ಪರಿಷ್ಕರಣೆ, ಭದ್ರತೆಯಿಲ್ಲದ ಹಳೆಯ ಕಾವಲುಗಾರರನ್ನು ತಡೆಯಲು ಹೋಗಿ, ಎರಡು ವ್ಯವಸ್ಥೆಗಳಿದ್ದ ಅನೇಕ ಯಂತ್ರಗಳಲ್ಲಿ ಲಿನಕ್ಸಿನ ಬಾಗಿಲನ್ನೇ ಮುಚ್ಚಿತು. ಅಂಥ ಯಂತ್ರಗಳಿಗೆ ಇದು ತಟ್ಟಬಾರದೆಂದೇ ಮೈಕ್ರೋಸಾಫ್ಟ್ ಎಣಿಸಿದ್ದು. ಕೆಲವನ್ನು ಅದು ಗುರುತಿಸದೆ ಹೋಯಿತು. ಆಗಲೂ ಒಳಗಿನ ಬರಹ, ಫೋಟೊಗಳಿಗೆ ಏನೂ ಆಗಿರಲಿಲ್ಲ. ಸೆಕ್ಯೂರ್ ಬೂಟನ್ನು ತಾತ್ಕಾಲಿಕವಾಗಿ ಆರಿಸಿ, ಹೊಸ ನಿಯಮವನ್ನು ತೆಗೆದವರು ಮತ್ತೆ ಒಳಗೆ ಹೋದರು.

ಬಾಗಿಲು ತೆರೆಯದಿದ್ದರೆ ಮನೆ ಸುಟ್ಟುಹೋಯಿತೆಂದು ಅರ್ಥವಲ್ಲ. ಯಾವ ಹೆಜ್ಜೆಯಲ್ಲಿ ನಿಂತಿತು, ನಿಲ್ಲುವ ಮೊದಲು ಏನು ಬದಲಾಗಿತ್ತು ಎಂಬ ಎರಡು ಪ್ರಶ್ನೆ ಕೇಳುವ ಮುನ್ನ “ಅಳಿಸಿಬಿಡಿ” ಎನ್ನಬೇಡಿ. ಡಿಸ್ಕೇ ಕೆಟ್ಟಿದ್ದರೆ ಮಾತು ಬೇರೆ. ಅದಕ್ಕೆ ಪ್ರತಿ ಮಾಡಿಟ್ಟುಕೊಳ್ಳುವುದೊಂದೇ ಉಪಾಯ.

ಆ ಸಂಜೆಯೇ ನಾನು ಪದಗಳನ್ನು ಎರಡು ಫ್ಲಾಪಿಗಳಿಗೆ ಇಳಿಸಿ, ಒಂದನ್ನು ಕನಕಪುರದ ನಾದಿನಿಗೆ ಕಳಿಸಿದೆ. ಅವಳ ಮನೆಯಲ್ಲಿ ಕಂಪ್ಯೂಟರೇ ಇರಲಿಲ್ಲ. “ಅತ್ತಿಗೆ, ಇದನ್ನೇನು ಮಾಡಲಿ?” ಎಂದು ಕೇಳಿದಳು. “ನಿಮ್ಮಮ್ಮನ ಸೀರೆ ಜೊತೆ ಇಟ್ಟಿರಮ್ಮ” ಎಂದೆ. ಈಗ ಫ್ಲಾಪಿ ಓದುವ ಯಂತ್ರ ನಮ್ಮಿಬ್ಬರ ಮನೆಯಲ್ಲೂ ಇಲ್ಲ. ಪದಗಳನ್ನು ಹೊಸ ಹೊಸ ಡಿಸ್ಕಿಗೆ ಸಾಗಿಸುತ್ತ ಬಂದಿದ್ದೇನೆ, ಕಾಗದದ ಮೇಲೂ ಅಚ್ಚು ತೆಗೆದಿಟ್ಟಿದ್ದೇನೆ. ಅವಳ ಟ್ರಂಕಿನಲ್ಲಿ ಫ್ಲಾಪಿ ಇನ್ನೂ ಇದೆ, ಅತ್ತೆಯ ಸೀರೆಯ ಮಡಿಕೆಯೊಳಗೆ.